ಲಾರಿಯಲ್ಲಿ ಬಂದ ಮನೆ, ಮೂರು ಮಳೆಗಾಲ ಕಳೆದ ಮೇಲೆ

ಮಲೆನಾಡಿನ ಕೊಪ್ಪದ ಹತ್ತಿರ ನಮ್ಮ ಅಡಿಕೆ ತೋಟದಲ್ಲಿ ಅಮ್ಮನಿಗೋಸ್ಕರ 2022ರ ಏಪ್ರಿಲ್‌ನಲ್ಲಿ ಮಾಡ್ಯುಲರ್ ಮನೆ, ಅಂದರೆ ಕಾರ್ಖಾನೆಯಲ್ಲೇ ತಯಾರಾಗಿ ಬರುವ ಮನೆ, ತರಿಸಿದೆ. ಹಳೇ ಮನೆಯ ಗೋಡೆ ಕುಸಿದಿತ್ತು, ಗಾರೆಯವರು ಒಂದು ದಿನ ಬಂದರೆ ನಾಲ್ಕು ದಿನ ನಾಪತ್ತೆ. ಪಾಯ ರೆಡಿ ಇದ್ದರೆ ಮೂರೇ ದಿನ ಸಾಕು ಅಂದರು ಕಂಪನಿಯವರು. ಅದೇನೂ ಸುಳ್ಳಾಗಲಿಲ್ಲ. ಬೆಂಗಳೂರಿನಿಂದ ಎರಡು ಲಾರಿಯಲ್ಲಿ ಎರಡು ಡಬ್ಬ ಬಂತು, ಒಂದೊಂದೂ 8 ಅಡಿ ಅಗಲ, 30 ಅಡಿ ಉದ್ದ. ಅದಕ್ಕಿಂತ ಜಾಸ್ತಿ ಅಗಲವಾದರೆ ರಸ್ತೆಯಲ್ಲಿ ತರುವುದೇ ರಗಳೆ, ಹಾಗಾಗಿ ಮನೆ ಹೋಳುಹೋಳಾಗಿಯೇ ಬರುತ್ತದೆ. ತೋಟದ ತಿರುವಿನಲ್ಲಿ ಕ್ರೇನ್ ಸಿಕ್ಕಿಕೊಂಡು ಹಲಸಿನ ಮರದ ಕೊಂಬೆ ಕಡಿಸಬೇಕಾಯಿತು. ಬಕ್ಕೆ ಹಲಸು ಅದು, ಅಮ್ಮನ ಸಿಟ್ಟು ಇನ್ನೂ ಇಳಿದಿಲ್ಲ.

ಮೇ ತಿಂಗಳು ಪೂರ್ತಿ ಸಿಕ್ಕಿದವರಿಗೆಲ್ಲ ಮನೆ ಹೊಗಳಿಕೊಂಡು ತಿರುಗಿದೆ. ಆಮೇಲೆ ಮಳೆ ಹಿಡಿಯಿತು.

ಗೋಡೆ, ಮಾಡು (ಚಾವಣಿ) ಎಲ್ಲ ಪಫ್ ಪ್ಯಾನೆಲ್, ಅಂದರೆ ಎರಡು ತಗಡಿನ ನಡುವೆ ಫೋಮ್. ಸೆಕೆ ತಡೆಯುತ್ತದೆ, ನಿಜ. ಆದರೆ ಮಳೆ ಬೀಳುವುದು ತಗಡಿನ ಮೇಲೇ ಅಲ್ವಾ? ಆರಿದ್ರಾ ಮಳೆ ಹೊಡೆದ ರಾತ್ರಿ ಚಂಡೆಯೊಳಗೆ ಕೂತ ಹಾಗಾಯಿತು. ಅಮ್ಮ ಒಲೆ ಮುಂದೆ ನಿಂತು ಕೂಗಿದ್ದು ಆರಡಿ ದೂರದಲ್ಲಿದ್ದ ನನಗೆ ಕೇಳಿಸಲಿಲ್ಲ. ಎರಡು ವಾರದಲ್ಲಿ ನಮ್ಮದೇ ಕೈಸನ್ನೆ ಹುಟ್ಟಿಕೊಂಡಿತು. ಎರಡು ಬೆರಳು ತೋರಿಸಿದರೆ ಕಾಫಿ, ಕಿವಿ ಮುಟ್ಟಿದರೆ ಫೋನ್, ಅಂಗೈ ಮಗುಚಿದರೆ ಇನ್ನೊಂದು ದೋಸೆ ಬೇಕಾ ಅಂತ. ಧಾರಾವಾಹಿಯನ್ನು ಅಮ್ಮ ಬರೀ ಮುಖ ನೋಡಿಕೊಂಡೇ ಮುಗಿಸುತ್ತಿದ್ದಳು, ಮರುದಿನ ಅಕ್ಕನಿಗೆ ಫೋನ್ ಮಾಡಿ ತನ್ನ ಕಥೆ ಸರಿಯಾ ಎಂದು ಕೇಳುತ್ತಿದ್ದಳು. ನಾನು ಆಫೀಸ್ ಮೀಟಿಂಗಿಗೆ ಲ್ಯಾಪ್‌ಟಾಪ್ ಎತ್ತಿಕೊಂಡು ಕೊಟ್ಟಿಗೆಗೆ ಹೋಗುತ್ತಿದ್ದೆ. ಅಲ್ಲಿ ಸೋಗೆ ಮಾಡು, ಸದ್ದಿಲ್ಲ.

ಪುನರ್ವಸು ಮಳೆಯ ಹೊತ್ತಿಗೆ ಎರಡು ಡಬ್ಬ ಸೇರುವ ಗೆರೆಯಲ್ಲಿ, ಸರಿಯಾಗಿ ನಡುಮನೆಯ ಮಧ್ಯೆ, ಹನಿ ಶುರುವಾಯಿತು. ಕಂಪನಿಯವರು ಬಂದು ಸಂದಿಗೆ ಸಿಲಿಕೋನ್ ಅಂಟು ಬಳಿದು ಹೋದರು. ಬಿಸಿಲಿಗೆ ತಗಡು ಹಿಗ್ಗುತ್ತದೆ, ಮಳೆಗೆ ಕುಗ್ಗುತ್ತದೆ, ಸಿಲಿಕೋನ್ ಬಾಯಿ ಬಿಡುತ್ತದೆ. ಮತ್ತೆ ಫೋನ್ ಮಾಡಿದರೆ "ಸಾರ್, ನಿಮ್ಮ ಕಡೆ ಮಳೆ ಜಾಸ್ತಿ" ಅಂದರು. ಆರ್ಡರ್ ಕೊಡುವಾಗ ನಾನೇನು ಊರಿನ ಹೆಸರು ಮುಚ್ಚಿಟ್ಟಿದ್ದೆನಾ?

ಮರುವರ್ಷ ಬೇಸಿಗೆಯಲ್ಲಿ ಪಕ್ಕದೂರಿನ ಆಚಾರಿ ಬಂದು ನೋಡಿ ನಕ್ಕರು. "ಇದಕ್ಕೊಂದು ಕೊಡೆ ಹಿಡೀರಿ" ಅಂದರು. ಸುತ್ತ ಕಬ್ಬಿಣದ ಕಂಬ ನಿಲ್ಲಿಸಿ, ಡಬ್ಬದ ಮೇಲೆ ಒಂದೂವರೆ ಅಡಿ ಜಾಗ ಬಿಟ್ಟು, ಹಳೇ ಮನೆಯಿಂದ ಇಳಿಸಿಟ್ಟಿದ್ದ ಮಂಗಳೂರು ಹೆಂಚನ್ನೇ ಹೊದಿಸಿದೆವು. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆಯವರು 1865ರಲ್ಲಿ ಕಾರ್ಖಾನೆ ಹಾಕಿ ಶುರುಮಾಡಿದ ಹೆಂಚು ನನ್ನ ಹೊಸ ಮನೆಯ ಮಾನ ಉಳಿಸಿತು. ಹನಿ ನಿಂತಿತು, ಚಂಡೆಯೂ ನಿಂತಿತು. ಅಮ್ಮ ಮಾತ್ರ ಈಗಲೂ ಕಾಫಿಗೆ ಎರಡು ಬೆರಳೇ ತೋರಿಸುತ್ತಾಳೆ.

ಲೆಕ್ಕ ಹೇಳಿಬಿಡುತ್ತೇನೆ. ಜಿಎಸ್‌ಟಿ ಸೇರಿ ಮನೆಗೆ 9.6 ಲಕ್ಷ, ಪಾಯ ಮತ್ತು ಕ್ರೇನ್‌ಗೆ 1.4, ಹೆಂಚಿನ ಮಾಡಿಗೆ 2.1. ಒಟ್ಟು 13.1 ಲಕ್ಷ. ಈ ದುಡ್ಡಿಗೆ ಇಟ್ಟಿಗೆ ಮನೆಯೇ ಆಗುತ್ತಿತ್ತು, ಗಾರೆಯವರು ಬಂದಿದ್ದರೆ.

ಆದರೆ ಒಂದು ಖುಷಿ ನಾನು ಲೆಕ್ಕದಲ್ಲಿ ಇಟ್ಟೇ ಇರಲಿಲ್ಲ. ಹಳೇ ಮನೆಯಲ್ಲಿ ಜುಲೈ ಬಂತೆಂದರೆ ಗೋಡೆ, ಚಪ್ಪಲಿ, ಬೆಲ್ಟು ಎಲ್ಲದಕ್ಕೂ ಬೂಷ್ಟು. ಇಲ್ಲಿ ಗೋಡೆ ನೀರು ಕುಡಿಯುವುದೇ ಇಲ್ಲ. ರಾತ್ರಿ ಊಟವಾದ ಮೇಲೆ ಅಮ್ಮ ಒಲೆ ಹಿಂದಿನ ಗೋಡೆಯನ್ನು ಒದ್ದೆ ಬಟ್ಟೆಯಲ್ಲಿ ಮೇಲಿಂದ ಕೆಳಗೆ ಒರೆಸುತ್ತಾಳೆ, ಒಗ್ಗರಣೆಯ ಎಣ್ಣೆ, ಸಾಸಿವೆ ಎಲ್ಲ ಹೋಗುತ್ತದೆ, ಆಮೇಲೆ ಬೆರಳ ಗೆಣ್ಣಿನಿಂದ ಎರಡು ಸಲ ಟಕ್ ಟಕ್ ಅಂತ ತಟ್ಟಿ ಲೈಟ್ ಆರಿಸುತ್ತಾಳೆ. ಯಾಕೆ ತಟ್ಟುತ್ತಾಳೋ ಕೇಳಿಲ್ಲ.

ಮೊಳೆ ಹೊಡೆಯುವ ಆಸೆ ಬಿಟ್ಟುಬಿಡಿ. ಅಪ್ಪನ ಗಡಿಯಾರ ನೇತುಹಾಕಿದ ಮೂರನೇ ದಿನ ಒಳಗಿನ ಫೋಮಿನ ಹಳದಿ ಪುಡಿ ಸಮೇತ ಕಿತ್ತುಕೊಂಡು ಬಿತ್ತು, ಈಗ ಫ್ರಿಜ್ ಮೇಲೆ ಕೂತಿದೆ. ನನಗೆ ಗೃಹಸಾಲವೂ ಸಿಗಲಿಲ್ಲ, ಪರ್ಸನಲ್ ಲೋನ್ ಬಡ್ಡಿ ಕಟ್ಟುತ್ತಿದ್ದೇನೆ.

ಮಳೆ ಕಡಿಮೆ ಇರುವ ಚಳ್ಳಕೆರೆ ಕಡೆಯವರಾದರೆ ಹೆಂಚಿನ ಖರ್ಚು ಇಲ್ಲದೇ ನಡೆಯಬಹುದು. ನಮ್ಮ ಕಡೆಯವರು ಜನವರಿಯಲ್ಲೇ ಡಬ್ಬ ಇಳಿಸಿಕೊಳ್ಳಿ, ಮೇ ಮುಗಿಯುವುದರೊಳಗೆ ಮಾಡು ಹಾಕಿಸಿ. ಮೊದಲೇ ಹಾಕಿಸಬೇಡಿ ಮತ್ತೆ, ಕ್ರೇನ್ ಡಬ್ಬ ಇಳಿಸುವುದು ಮೇಲಿನಿಂದ.