ಕೋಡಿಬೆಂಗ್ರೆಯ ಅಳಿವೆಯಲ್ಲಿ ಒಂದು ಬಾಸ್ ರಾಡ್: ಹದಿನಾಲ್ಕು ತಿಂಗಳ ಬಳಕೆಯ ನಂತರ

ಅಮೆರಿಕದ ಸರೋವರಗಳಲ್ಲಿ ಲಾರ್ಜ್‌ಮೌತ್ ಬಾಸ್ ಎಂಬ ಮೀನನ್ನು ಹಿಡಿಯುವುದಕ್ಕೆಂದೇ ತಯಾರಾದ ದುಬಾರಿ ದರ್ಜೆಯ ಗ್ರ್ಯಾಫೈಟ್ ಕಾಸ್ಟಿಂಗ್ ರಾಡ್ (ಗಾಳ ಬೀಸುವ ಕೋಲು) ಒಂದನ್ನು ನಾನು ಹದಿನಾಲ್ಕು ತಿಂಗಳಿಂದ ಬಳಸುತ್ತಿದ್ದೇನೆ. ಹೆಚ್ಚಾಗಿ ಸೀತಾ ಮತ್ತು ಸುವರ್ಣಾ ನದಿಗಳು ಒಟ್ಟಾಗಿ ಕಡಲು ಸೇರುವ ಕೋಡಿಬೆಂಗ್ರೆಯ ಅಳಿವೆಯಲ್ಲಿ, ಅಪರೂಪಕ್ಕೆ ಮುಲ್ಕಿಯ ಶಾಂಭವಿ ಹೊಳೆಯಲ್ಲಿ. ನಮ್ಮ ಹೊಳೆಗಳಲ್ಲಿ ಲಾರ್ಜ್‌ಮೌತ್ ಬಾಸ್ ಇಲ್ಲ. ಇಲ್ಲಿ ಈ ರಾಡಿಗೆ ಎದುರಾಗುವುದು ಕೊಂಕಣಿಯವರು ಚೊಣಕ್ ಎನ್ನುವ, ಪಂಜರದಲ್ಲಿ ಮೀನು ಸಾಕುವವರು ಸೀಬಾಸ್ ಎಂದೇ ಕರೆಯುವ ಮೀನು. ಹೆಸರಿನಲ್ಲಿ ಬಾಸ್ ಇದ್ದರೂ ಇವೆರಡೂ ಬೇರೆ ಬೇರೆ ಕುಟುಂಬದವು. ಆದರೆ ಬೇಟೆಯ ಕ್ರಮ ಒಂದೇ: ನೀರಿಗೆ ಬಿದ್ದ ಮರ, ಬೇರು, ಕಂಬಗಳ ಮರೆಯಲ್ಲಿ ನಿಂತು ಹೊಂಚು ಹಾಕುವುದು, ಹತ್ತಿರ ಸುಳಿದ ಸಣ್ಣ ಮೀನನ್ನು ಬಾಯಿ ತೆರೆದು ಒಮ್ಮೆಲೇ ಒಳಗೆಳೆದುಕೊಳ್ಳುವುದು. ಒಂದಕ್ಕೆಂದು ಮಾಡಿದ ರಾಡ್ ಇನ್ನೊಂದಕ್ಕೆ ಎಷ್ಟರಮಟ್ಟಿಗೆ ಒದಗುತ್ತದೆ ಎಂಬುದೇ ನಾನು ತಿಳಿಯಬೇಕೆಂದಿದ್ದ ವಿಷಯ.

ಕಂಪನಿಯ ಹೆಸರನ್ನು ಬರೆಯುವುದಿಲ್ಲ. ಇಲ್ಲಿ ಹೇಳುವ ಗುಣದೋಷಗಳಲ್ಲಿ ಹೆಚ್ಚಿನವು ಈ ದರ್ಜೆಯ ರಾಡುಗಳಿಗೆಲ್ಲ ಸಾಮಾನ್ಯವಾದವು. ನನ್ನದು 7 ಅಡಿ 1 ಇಂಚು ಉದ್ದದ, ಜೋಡಣೆಯಿಲ್ಲದ ಒಂದೇ ತುಂಡಿನ ರಾಡ್. ಮೀಡಿಯಂ ಹೆವಿ ಪವರ್, ಫಾಸ್ಟ್ ಆ್ಯಕ್ಷನ್. ಎಂದರೆ ಬೆನ್ನು ಗಟ್ಟಿ, ಬಾಗುವುದು ಮುಖ್ಯವಾಗಿ ತುದಿಯ ಭಾಗ ಮಾತ್ರ. ಹಿಡಿಯ ಮೇಲೆ 12ರಿಂದ 20 ಪೌಂಡಿನ (ಎಂದರೆ ಅಷ್ಟು ಎಳೆತ ತಾಳುವ) ದಾರ, 3/8ರಿಂದ 1 ಔನ್ಸಿನ ಲ್ಯೂರ್ (ಮೀನನ್ನು ಮರುಳುಮಾಡುವ ಕೃತಕ ಎರೆ) ಎಂದು ಮುದ್ರಿಸಿದೆ. ನಮ್ಮ ಲೆಕ್ಕದಲ್ಲಿ ಲ್ಯೂರಿನ ತೂಕ ಸುಮಾರು 11ರಿಂದ 28 ಗ್ರಾಂ. ಮನೆಯ ಅಡುಗೆ ತಕ್ಕಡಿಯಲ್ಲಿ ತೂಗಿದಾಗ ರಾಡ್ 121 ಗ್ರಾಂ ಬಂತು, ನನ್ನ ಹಳೆಯ ಫೈಬರ್‌ಗ್ಲಾಸ್ ರಾಡ್ 208 ಗ್ರಾಂ. ಬೆಳಗ್ಗೆ ಆರರಿಂದ ಹತ್ತರವರೆಗೆ ಮುನ್ನೂರು ಸಲ ಬೀಸುವವರ ಮಣಿಕಟ್ಟಿಗೆ ಈ ವ್ಯತ್ಯಾಸದ ಅರ್ಥ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆದರೆ ಈ ರಾಡಿಗೆ ಕೊಟ್ಟ ಹಣ ಹಗುರತನಕ್ಕಲ್ಲ. ನಮ್ಮ ಕರಾವಳಿಯಲ್ಲಿ ಕೈಗಾಳ ಹಾಕುವ ಹಿರಿಯರನ್ನು ನೋಡಿದವರಿಗೆ ನಾನು ಹೇಳುವುದು ಬೇಗ ಹೊಳೆಯುತ್ತದೆ. ಅವರ ಬಳಿ ರಾಡ್ ಇಲ್ಲ, ರೀಲ್ ಇಲ್ಲ. ಮರದ ತುಂಡಿಗೆ ಸುತ್ತಿದ ತಂಗೂಸಿಯನ್ನು ನೀರಿಗೆ ಬಿಟ್ಟು, ದಾರವನ್ನು ತೋರುಬೆರಳಿನ ಮೇಲೆ ಹಾಯಿಸಿಕೊಂಡು ಕೂತಿರುತ್ತಾರೆ. ಏಡಿ ಕೆದಕುತ್ತಿದೆಯೋ, ಸಣ್ಣ ಮೀನು ಸಿಗಡಿಯನ್ನು ಚೀಪುತ್ತಿದೆಯೋ, ದೊಡ್ಡದು ಬಾಯಿಗೆ ಹಾಕಿಕೊಂಡಿತೋ, ಎಲ್ಲವನ್ನೂ ಆ ಬೆರಳು ಹೇಳುತ್ತದೆ. ದಾರಕ್ಕೂ ಕೈಗೂ ನಡುವೆ ಏಳಡಿಯ ಕೋಲು ಬಂದಾಗ ಈ ಮಾತು ಅರ್ಧಕ್ಕರ್ಧ ಕೇಳದಂತಾಗುತ್ತದೆ. ನನ್ನ ಫೈಬರ್‌ಗ್ಲಾಸ್ ರಾಡಿನಲ್ಲಿ ಕೇಳುತ್ತಲೇ ಇರಲಿಲ್ಲ. ಒಳ್ಳೆಯ ಗ್ರ್ಯಾಫೈಟ್ ರಾಡ್ ಮಾಡುವ ಮುಖ್ಯ ಕೆಲಸ ಆ ಬೆರಳನ್ನು ನಮಗೆ ಮರಳಿ ಕೊಡುವುದು.

ಇದನ್ನು ನಾನು ಮೊದಲು ತಿಳಿದದ್ದು ಮೀನಿನಿಂದಲ್ಲ, ಮರುವಾಯಿ ಚಿಪ್ಪುಗಳಿಂದ. ನೀರಿಳಿತದ ಹೊತ್ತಿನಲ್ಲಿ 14 ಗ್ರಾಂ ತೂಕದ ಜಿಗ್ (ಸೀಸದ ತಲೆಯ ಲ್ಯೂರ್) ಒಂದನ್ನು ತಳದ ಮೇಲೆ ಮೆಲ್ಲಗೆ ಎಳೆಯುತ್ತಿದ್ದೆ. ಕೆಸರಿನ ಮೇಲೆ ಅದು ಸಾಗುವಾಗ ಹಿಡಿಯಲ್ಲಿ ಏನೂ ಇಲ್ಲ, ಒದ್ದೆ ಬಟ್ಟೆ ಎಳೆದಂತೆ. ಮರಳಿಗೆ ಬಂದಾಗ ಸಣ್ಣಗೆ ಉಜ್ಜಿದ ಅನುಭವ. ಮುಂದೆ ಮರುವಾಯಿ ಚಿಪ್ಪುಗಳ ಪಟ್ಟಿ ಸಿಕ್ಕಾಗ ಕಟಕಟವೆಂದು ಒಂದೊಂದು ಚಿಪ್ಪೂ ಬೇರೆ ಬೇರೆಯಾಗಿ ಅಂಗೈಗೆ ತಾಗಿತು. ಆರು ವರ್ಷ ಗಾಳ ಹಾಕಿದ ಜಾಗದಲ್ಲಿ ಹೀಗೊಂದು ಪಟ್ಟಿಯಿದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಆಮೇಲೆ ನನಗೆ ಸಿಕ್ಕ ಸೀಬಾಸ್‌ಗಳಲ್ಲಿ ಹೆಚ್ಚಿನವು ಚಿಪ್ಪು ಮುಗಿದು ಕೆಸರು ಆರಂಭವಾಗುವ ಆ ಅಂಚಿನಲ್ಲೇ ಸಿಕ್ಕಿವೆ.

ಇದರ ಕಾರಣ ವಸ್ತುವಿನಲ್ಲಿದೆ. ರಾಡಿನ ಗ್ರ್ಯಾಫೈಟ್ ಎಂದರೆ ಪೆನ್ಸಿಲಿನ ಗ್ರ್ಯಾಫೈಟ್ ಅಲ್ಲ, ಕಾರ್ಬನ್ ನಾರು. ಎಪಾಕ್ಸಿ ಅಂಟಿನಲ್ಲಿ ನೆನೆದ ಈ ನಾರಿನ ಹಾಳೆಯನ್ನು ಉಕ್ಕಿನ ಸರಳಿಗೆ ಸುತ್ತಿ, ಬಿಸಿಯಲ್ಲಿ ಗಟ್ಟಿಮಾಡಿ, ಸರಳನ್ನು ಹೊರಗೆಳೆದಾಗ ಟೊಳ್ಳು ಕೋಲು ಉಳಿಯುತ್ತದೆ. ಸಾಮಾನ್ಯ ಕಾರ್ಬನ್ ನಾರಿನ ಬಿಗುಪು, ಎಂದರೆ ಮಾಡ್ಯುಲಸ್, ಸುಮಾರು 33 ದಶಲಕ್ಷ ಪಿಎಸ್‌ಐ (ಚದರ ಇಂಚಿಗೆ ಪೌಂಡ್); ಗಾಜಿನ ನಾರಿನದು 10ರ ಆಸುಪಾಸು. ತೂಕದಲ್ಲಿಯೂ ಕಾರ್ಬನ್ ಹಗುರ. ಆದ್ದರಿಂದ ಕಡಿಮೆ ವಸ್ತುವಿನಲ್ಲಿ ಅಷ್ಟೇ ಗಟ್ಟಿ ಕೋಲು ಮಾಡಬಹುದು, ಮತ್ತು ಹಗುರವಾದ, ಬಿಗಿಯಾದ ಕೋಲು ಕಂಪನವನ್ನು ನುಂಗಿಕೊಳ್ಳದೆ ಕೈಗೆ ತಲುಪಿಸುತ್ತದೆ. 1973ರಲ್ಲಿ ಅಮೆರಿಕದ ಫೆನ್‌ವಿಕ್ ಕಂಪನಿ ಗ್ರ್ಯಾಫೈಟ್ ರಾಡುಗಳನ್ನು ಮಾರುಕಟ್ಟೆಗೆ ತಂದಂದಿನಿಂದ ಈ ತತ್ವ ಬದಲಾಗಿಲ್ಲ. ರಾಡುಗಳ ಮೇಲೆ ಕಾಣುವ ಐಎಂ6, ಐಎಂ7 ಎಂಬ ಗುರುತುಗಳು ಮೂಲತಃ ಒಂದು ನಾರು ತಯಾರಕ ಕಂಪನಿ ತನ್ನ ನಾರುಗಳಿಗೆ ಇಟ್ಟ ಹೆಸರುಗಳು, ಗುಣಮಟ್ಟದ ಅಳತೆಯಲ್ಲ. ಅವನ್ನಷ್ಟೇ ನೋಡಿ ಯಾರೂ ಹಣ ಕೊಡಬಾರದು.

ಬೀಸುವಿಕೆಯ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರುಗಳ ನಡುವೆ ಒಂದು ಬುಟ್ಟಿಯಷ್ಟು ಜಾಗವಿದ್ದರೂ 20 ಮೀಟರ್ ದೂರದಿಂದ ಲ್ಯೂರನ್ನು ಅಲ್ಲಿಗೆ ಇಳಿಸಬಹುದು, ಏಕೆಂದರೆ ಬೀಸಿದ ನಂತರ ತುದಿ ಅಲುಗಾಡದೆ ಕೂಡಲೇ ನಿಲ್ಲುತ್ತದೆ. 14ರಿಂದ 21 ಗ್ರಾಂ ಇದರ ಹದ. 11 ಗ್ರಾಂ ಎಂದು ಬರೆದಿದ್ದರೂ ಆ ತೂಕಕ್ಕೆ ತುದಿ ಬಾಗುವುದಿಲ್ಲ, ಕಡಲಗಾಳಿ ಎದುರಿದ್ದರಂತೂ ರೀಲಿನಲ್ಲಿ ದಾರ ಗೋಜಲಾಗುವುದು ಖಚಿತ.

ಇನ್ನು ತೊಂದರೆಗಳು. ಬಾಸ್ ಹಿಡಿಯುವವರಲ್ಲಿ ಅನೇಕರು ರೀಲಿನಿಂದ ಲ್ಯೂರಿನವರೆಗೂ ಫ್ಲೋರೋಕಾರ್ಬನ್ ದಾರವೊಂದನ್ನೇ ಬಳಸುತ್ತಾರೆ, ನಡುವೆ ಗಂಟಿಲ್ಲ. ಸೀಬಾಸ್‌ನ ಕಿವಿರಿನ ಮುಚ್ಚಳ ಬ್ಲೇಡಿನಷ್ಟು ಹರಿತ, ಬಾಯಿ ಮರಳು ಕಾಗದದಂತೆ ಒರಟು. ಆದ್ದರಿಂದ ನಾವು ತೆಳುವಾದ ಹೆಣೆದ ದಾರದ ತುದಿಗೆ 40 ಪೌಂಡಿನ ದಪ್ಪ ಲೀಡರ್ (ಲ್ಯೂರಿಗೆ ಕಟ್ಟುವ ಗಟ್ಟಿ ದಾರದ ತುಂಡು) ಗಂಟು ಹಾಕಲೇಬೇಕು. ಈ ರಾಡಿನ ತುದಿಯ ಐದು ಗೈಡುಗಳು (ದಾರ ಹಾಯುವ ಉಂಗುರಗಳು) ಬಲು ಸಣ್ಣ ಮೈಕ್ರೋ ಗೈಡುಗಳು, ಅವುಗಳ ಉಂಗುರದ ತೂತು ಹೆಸರುಕಾಳಿಗಿಂತ ಕಿರಿದು. ದಾರಕ್ಕೆ ಲೀಡರ್ ಜೋಡಿಸುವ ಎಫ್‌ಜಿ ಗಂಟನ್ನು ಎಷ್ಟು ನಯವಾಗಿ ಹಾಕಿದರೂ ಪ್ರತಿ ಬೀಸಿಗೆ ಅದು ಟಕ್ಕೆಂದು ತಾಗುತ್ತದೆ. ಎಂಟನೆಯ ತಿಂಗಳಲ್ಲಿ ಹೀಗೆಯೇ ತಾಗಿ ತಾಗಿ ಒಂದು ಗೈಡಿನ ಒಳಗಿನ ಸೆರಾಮಿಕ್ ಉಂಗುರ ಬಿದ್ದುಹೋಯಿತು. ನನಗೆ ಗೊತ್ತಾಗುವಷ್ಟರಲ್ಲಿ ಬರಿಯ ಲೋಹದ ಅಂಚು ಹತ್ತು ಮೀಟರ್ ದಾರವನ್ನು ಹೆರೆದು ಹಾಕಿತ್ತು. ಸ್ಟೇನ್‌ಲೆಸ್ ಉಕ್ಕಿನ ಗೈಡುಗಳ ಕಾಲುಗಳಲ್ಲಿ, ಉಪ್ಪುನೀರಿನಿಂದ ಬಂದ ದಿನವೇ ಸಿಹಿನೀರಿನಲ್ಲಿ ತೊಳೆಯುತ್ತಿದ್ದರೂ, ಮೊದಲ ಮಳೆಗಾಲದಲ್ಲೇ ತುಕ್ಕಿನ ಕಲೆ ಮೂಡಿತು. ಈ ಬೆಲೆಗೆ ಟೈಟಾನಿಯಂ ಗೈಡುಗಳನ್ನು ನಿರೀಕ್ಷಿಸುವುದು ನ್ಯಾಯವೆಂದೇ ನನ್ನ ಅಭಿಪ್ರಾಯ.

ಎರಡನೆಯದು ಹೆಚ್ಚು ನೋವು ಕೊಟ್ಟದ್ದು. ಹೆಣೆದ ದಾರ ಹಿಗ್ಗುವುದಿಲ್ಲ, ರಾಡ್ ಹೆಚ್ಚು ಬಾಗುವುದಿಲ್ಲ. ಸೀಬಾಸ್ ನೀರಿನಿಂದ ಮೇಲೆ ಹಾರಿ ತಲೆ ಕೊಡವುವಾಗ ಆ ಕೊಡಹನ್ನು ತಾಳಿಕೊಳ್ಳುವ ವಸ್ತು ನಡುವೆ ಯಾವುದೂ ಇರುವುದಿಲ್ಲ. ಮೊದಲ ಎರಡು ತಿಂಗಳಲ್ಲಿ ಗಾಳ ತಗಲಿದ ಒಂಬತ್ತು ಮೀನುಗಳಲ್ಲಿ ಐದನ್ನು ಹೀಗೆ ಕಳೆದುಕೊಂಡೆ. ಒಂದಂತೂ ದೋಣಿಯ ಬದಿಗೇ ಬಂದು, ಬೆಳ್ಳಿಯ ಹೊಟ್ಟೆ ತೋರಿಸಿ, ಲ್ಯೂರನ್ನು ನಮ್ಮ ಕಡೆಗೇ ಎಸೆದು ಹೋಯಿತು. ಆಮೇಲೆ ರೀಲಿನ ಡ್ರ್ಯಾಗನ್ನು (ಮೀನು ಎಳೆದಾಗ ದಾರ ಬಿಡುವ ಬಿಗಿಯನ್ನು) ಸಡಿಲಿಸಿ, ಲೀಡರನ್ನು ಸ್ವಲ್ಪ ಹಿಗ್ಗುವ ತಂಗೂಸಿಗೆ ಬದಲಿಸಿ, ಮೀನು ಹಾರುವಾಗ ತುದಿಯನ್ನು ನೀರಿನತ್ತ ತಗ್ಗಿಸುವುದನ್ನು ರೂಢಿಸಿಕೊಂಡೆ. ಈಗ ಕಳೆದುಕೊಳ್ಳುವುದು ಕಡಿಮೆಯಾಗಿದೆ.

ನಮ್ಮ ದೋಣಿಯವರು ಮೊದಲ ದಿನ ರಾಡನ್ನು ಬೆರಳ ಮೇಲೆ ತೂಗಿ ನೋಡಿ, "ಇದು ಮುರಿಯುದಿಲ್ವಾ ಮಾರಾಯ್ರೆ?" ಎಂದು ಕೇಳಿದ್ದರು. ಮುರಿಯುತ್ತದೆ, ಆದರೆ ಹೆಚ್ಚಾಗಿ ಮೀನಿನಿಂದಲ್ಲ. ಜಿಗ್ಗಿನ ಸೀಸದ ತಲೆ ಬಡಿದು ಕಣ್ಣಿಗೆ ಕಾಣದಷ್ಟು ನಾರು ಕಡಿದರೂ ಮುಂದೊಂದು ದಿನ ಅಲ್ಲಿಯೇ ಲಟಕ್ಕೆನ್ನುತ್ತದೆ. ಮೀನನ್ನು ದೋಣಿಯ ಪಕ್ಕಕ್ಕೆ ತಂದು ರಾಡನ್ನು ನೇರ ಮೇಲಕ್ಕೆತ್ತಿದರೆ ಭಾರವೆಲ್ಲ ತೆಳುವಾದ ತುದಿಯ ಮೇಲೆ ಬೀಳುತ್ತದೆ; ಬಲೆಚೀಲದಲ್ಲಿಯೇ ಎತ್ತಬೇಕು. ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ: ಕಾರ್ಬನ್ ವಿದ್ಯುತ್ ವಾಹಕ. ಮೇ ತಿಂಗಳ ಸಂಜೆಗಳಲ್ಲಿ, ಅಕ್ಟೋಬರಿನ ಗುಡುಗು ಮಳೆಯಲ್ಲಿ, ದೂರದಲ್ಲಿ ಮಿಂಚು ಕಂಡ ಕೂಡಲೇ ರಾಡನ್ನು ಮಲಗಿಸಿ ದಡ ಸೇರಬೇಕು. ಹೊಳೆ ದಾಟುವ ಕರೆಂಟಿನ ತಂತಿಗಳ ಕೆಳಗೆ ಎಂದೂ ಬೀಸಬಾರದು.

ಕಾರ್ಕಿನ ಹಿಡಿ ಕೈಗೆ ಹಿತ, ಒದ್ದೆಯಾದರೂ ಜಾರುವುದಿಲ್ಲ. ಆದರೆ ಜುಲೈನಲ್ಲಿ ಮೂರು ವಾರ ಮೂಲೆಯಲ್ಲಿಟ್ಟದ್ದಕ್ಕೆ ಬೂಸ್ಟು ಹಿಡಿಯಿತು. ಈಗ ಒರೆಸಿ, ಗಾಳಿಯಾಡುವಂತೆ ಅಟ್ಟದ ಕೆಳಗೆ ಅಡ್ಡಲಾಗಿ ಇಡುತ್ತೇನೆ. ಏಳಡಿಯ ಒಂದೇ ತುಂಡನ್ನು ಸ್ಕೂಟರಿನಲ್ಲಿ ಒಯ್ಯಲು ಪಿವಿಸಿ ಪೈಪು ಬೇಕು, ಬಸ್ಸಿನಲ್ಲಿ ಒಯ್ಯುವುದು ಆಗದ ಮಾತು.

ಅಮೆರಿಕದಲ್ಲಿರುವ ಬಂಧುಗಳ ಮೂಲಕ ತರಿಸಿದ ಈ ರಾಡಿಗೆ ನನಗೆ ತಗಲಿದ್ದು ಸುಮಾರು 27,000 ರೂಪಾಯಿ. ಸಿಗಡಿ ಚುಚ್ಚಿ ದೋಣಿ ನಿಲ್ಲುವ ದಕ್ಕೆಯಲ್ಲಿ ಕೂರುವವರಿಗೆ ಇದರ ಹತ್ತನೇ ಒಂದು ಭಾಗದ ಫೈಬರ್‌ಗ್ಲಾಸ್ ರಾಡೇ ಸರಿ. ಅದು ಕಲ್ಲಿಗೆ ಬಡಿದರೂ ತಾಳುತ್ತದೆ. ವಾರಕ್ಕೊಮ್ಮೆಯಾದರೂ ಲ್ಯೂರ್ ಬೀಸುವವರು, ತಳವನ್ನು ಕೈಯಲ್ಲೇ ಓದಬೇಕೆನ್ನುವವರು ಈ ದರ್ಜೆಯ ರಾಡನ್ನು ಧೈರ್ಯವಾಗಿ ಕೊಳ್ಳಬಹುದು. ಆದರೆ ಕೊಳ್ಳುವ ಮೊದಲು 40 ಪೌಂಡಿನ ಲೀಡರ್ ಕಟ್ಟಿದ ದಾರವನ್ನು ಕೊಂಡೊಯ್ದು, ಗಂಟು ತುದಿಯ ಗೈಡಿನಲ್ಲಿ ಹಾಯುತ್ತದೆಯೇ ಎಂದು ಎಳೆದು ನೋಡಿ. ನನ್ನ ರಾಡಿನ ಆ ಐದು ಗೈಡುಗಳನ್ನು ತೆಗೆಸಿ, ಒಂದು ಅಳತೆ ದೊಡ್ಡದಾದ ಟೈಟಾನಿಯಂ ಗೈಡುಗಳನ್ನು ಕಟ್ಟಿಸಲು ಕೊಟ್ಟಿದ್ದೇನೆ. ಮಳೆ ಕಡಿಮೆಯಾಗಿ ಹೊಳೆಯ ಕೆಂಪು ನೀರು ತಿಳಿಯಾಗುವಷ್ಟರಲ್ಲಿ ಅದು ಕೈಗೆ ಬರಬೇಕು.