ಸತ್ತ ಅಜ್ಜನ ಹೆಸರಿಗೆ ಬಂದ ನೋಟಿಸು

ನಮ್ಮೂರ ಬಸ್ ಸ್ಟ್ಯಾಂಡ್ ಹಿಂದಿನ ಬೀದಿಯಲ್ಲಿ ನಮ್ಮದೊಂದು ಹೆಂಚಿನ ಮನೆ ಇತ್ತು. ಹಿತ್ತಲಲ್ಲಿ ಬಾವಿ, ನಾಲ್ಕು ತೆಂಗು, ಒಂದು ಹಲಸು. ಭೂಸ್ವಾಧೀನದಲ್ಲಿ ಸರ್ಕಾರ ಅದನ್ನು ತೆಗೆದುಕೊಂಡಿತು. ಈಗ ಅಲ್ಲಿ ಮೂರು ಮಹಡಿಯ ಕಾಂಪ್ಲೆಕ್ಸ್ ಇದೆ. ಊರಿನ ಹೆಸರು, ಕಚೇರಿಯ ಹೆಸರು ಬರೆಯುತ್ತಿಲ್ಲ. ಕೇಸ್ ಇನ್ನೂ ನಡೀತಿದೆ. ಆದರೆ ನಾವು ಎಲ್ಲೆಲ್ಲಿ ಎಡವಿದೆವು ಅಂತ ಹೇಳಲೇಬೇಕು. ಬಸ್ ಸ್ಟ್ಯಾಂಡ್, ಹೈವೇ, ರೈಲ್ವೆ ಸ್ಟೇಷನ್ ಪಕ್ಕ ಹಳೇ ಮನೆ ಇರುವವರು ದಯವಿಟ್ಟು ಓದಿ.

ಮೊದಲ ತಪ್ಪು ನಮ್ಮದೇ. ಅಜ್ಜ ತೀರಿಕೊಂಡು ಹದಿನೆಂಟು ವರ್ಷ ಆಗಿತ್ತು. ಖಾತೆ ಮಾತ್ರ ಅವರ ಹೆಸರಿನಲ್ಲೇ ಉಳಿದಿತ್ತು. ಕಂದಾಯ ಕಟ್ಟುತ್ತಿದ್ದೆವು, ರಸೀದಿಯೂ ಅಜ್ಜನ ಹೆಸರಿಗೇ ಬರುತ್ತಿತ್ತು. ವಂಶವೃಕ್ಷ ಮಾಡಿಸಬೇಕು, ಎಲ್ಲರೂ ಕೂತು ಮಾತಾಡಬೇಕು, ಹಾಗೆ ಕೂತರೆ ಪಾಲಿನ ಮಾತು ಬರುತ್ತೆ. ಅದಕ್ಕೇ ಎಲ್ಲರೂ ಸುಮ್ನೆ ಇದ್ದರು. ನೋಟಿಸು ಬಂದದ್ದೂ ಅಜ್ಜನ ಹೆಸರಿಗೇ. ಬಾಗಿಲಿಗೆ ಅಂಟಿಸಿ ಹೋಗಿದ್ದರಂತೆ. ಬಾಡಿಗೆಗೆ ಇದ್ದವರು ಅದನ್ನು ಮಡಚಿ ಗೋಡೆಯ ಗೂಡಿನಲ್ಲಿ ಇಟ್ಟಿದ್ದರು. ನಮ್ಮ ಕಣ್ಣಿಗೆ ಬಿದ್ದದ್ದು ಗೌರಿ ಹಬ್ಬಕ್ಕೆ ಊರಿಗೆ ಹೋದಾಗ.

2013ರ ಭೂಸ್ವಾಧೀನ ಕಾಯ್ದೆಯ ಪ್ರಕಾರ ಪ್ರಾಥಮಿಕ ಅಧಿಸೂಚನೆ, ಅಂದರೆ ಈ ಜಾಗ ಬೇಕು ಅನ್ನುವ ಸರ್ಕಾರದ ಮೊದಲ ಪ್ರಕಟಣೆ ಹೊರಟ ಮೇಲೆ ಆಕ್ಷೇಪಣೆ ಸಲ್ಲಿಸಲು 60 ದಿನ ಇರುತ್ತದೆ. ನಮ್ಮ 60 ದಿನ ಗೂಡಿನಲ್ಲೇ ಕಳೆದುಹೋಗಿತ್ತು. ಕಚೇರಿಯಲ್ಲಿ ಕೇಳಿದರೆ, "ಪೇಪರಿನಲ್ಲೂ ಹಾಕಿದ್ದೆವಲ್ಲ" ಅಂದರು. ಹಾಕಿದ್ದರು ಕೂಡ. ಎರಡು ದಿನಪತ್ರಿಕೆಯಲ್ಲಿ ಹಾಕಬೇಕು, ಅದರಲ್ಲಿ ಒಂದು ಆ ಊರಿನ ಭಾಷೆಯದಾಗಿರಬೇಕು ಅಂತ ಕಾಯ್ದೆಯೇ ಹೇಳುತ್ತದೆ. ಇರುವೆ ಸಾಲಿನಂಥ ಆ ಅಕ್ಷರಗಳನ್ನು ಬೆಂಗಳೂರಲ್ಲಿ ಕೂತು ಯಾರು ಓದ್ತಾರೆ?

ಅಧಿಸೂಚನೆಯಲ್ಲಿ ಇದ್ದದ್ದು "ಸಾರ್ವಜನಿಕ ಉದ್ದೇಶ, ಬಸ್ ನಿಲ್ದಾಣದ ವಿಸ್ತರಣೆ" ಅಂತ. ಬಸ್ಸಿಗೆ ಜಾಗ ಬೇಡ ಅನ್ನೋಕಾಗುತ್ತಾ? ಯಾರೂ ನಕ್ಷೆ ಕೇಳಲಿಲ್ಲ. ಮನೆ ಬಿದ್ದ ಮೇಲೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ನಾನು ತೆಗೆಸಿದೆ, ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಬಸ್ಸು ನಿಲ್ಲುವುದು ಹಳೇ ಜಾಗದಲ್ಲೇ. ನಮ್ಮ ಬೀದಿ ಪೂರ್ತಿ ಅಂಗಡಿ ಮಳಿಗೆ.

ಇದು ನಮ್ಮಲ್ಲಷ್ಟೇ ಇರುವ ರೋಗವೂ ಅಲ್ಲ. ಅಮೆರಿಕದ ನ್ಯೂ ಲಂಡನ್ ಎಂಬ ಊರಿನಲ್ಲಿ ಸುಸೆಟ್ ಕೀಲೋ ಅನ್ನುವವರ ಮನೆಯನ್ನು ಊರಿನ ಆರ್ಥಿಕ ಅಭಿವೃದ್ಧಿಗೆ ಅಂತ ತೆಗೆದುಕೊಳ್ಳಲು ಹೊರಟರು. ಅದೂ ಸಾರ್ವಜನಿಕ ಬಳಕೆಯೇ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2005ರಲ್ಲಿ 5–4ರ ಬಹುಮತದಲ್ಲಿ ಹೇಳಿತು. ಆಮೇಲೆ ಆ ಜಾಗ ವರ್ಷಗಟ್ಟಲೆ ಖಾಲಿ ಬಿದ್ದಿತ್ತು. ನಮ್ಮಲ್ಲಿ ಕಟ್ಟಡವಾದರೂ ಎದ್ದಿದೆ. ಅರ್ಧ ಮಳಿಗೆಗಳ ಶಟರ್ ಇನ್ನೂ ತೆಗೆದಿಲ್ಲ, ಅಷ್ಟೇ.

ಅಧಿಕಾರಿಗಳು ಬಂದು ಜಾಗ, ಕಟ್ಟಡ, ಮರ ಎಲ್ಲ ಅಳೆದು ಪಟ್ಟಿ ಮಾಡುವ ಜಂಟಿ ಅಳತೆಯ ದಿನ ನಮ್ಮವರು ಯಾರೂ ಇರಲಿಲ್ಲ. ಪಟ್ಟಿಯಲ್ಲಿ ಬಾವಿಯೇ ಇಲ್ಲ, ತೆಂಗು ಎರಡೇ. ಏನೇ ಕೆಲಸ ಇರಲಿ, ಆ ದಿನ ಹೋಗಿ ನಿಲ್ಲಿ. ಮೊದಲೇ ಮನೆಯ ಮೂಲೆಮೂಲೆಯ, ಒಂದೊಂದು ಮರದ ಫೋಟೋ ತೆಗೆದಿಟ್ಟುಕೊಳ್ಳಿ.

ದರದ ವಿಷಯ ಇನ್ನೊಂದು. ನೋಂದಣಿಗೆ ಸರ್ಕಾರ ಗೊತ್ತುಮಾಡಿದ ಮಾರ್ಗಸೂಚಿ ದರ ಒಂದು ಕಡೆ. ಹತ್ತಿರದಲ್ಲಿ ಹಿಂದಿನ ಮೂರು ವರ್ಷ ನಡೆದ ಕ್ರಯಪತ್ರಗಳಲ್ಲಿ ಹೆಚ್ಚು ಬೆಲೆ ನಮೂದಾದ ಅರ್ಧದಷ್ಟು ಪತ್ರಗಳ ಸರಾಸರಿ ಬೆಲೆ ಇನ್ನೊಂದು ಕಡೆ. ಇವೆರಡರಲ್ಲಿ ಜಾಸ್ತಿ ಇರುವುದನ್ನು ಹಿಡಿಯುತ್ತಾರೆ. ಅದಕ್ಕೆ ಕಟ್ಟಡ, ಮರಗಳ ಬೆಲೆ ಸೇರಿಸಿ, ಅಷ್ಟೇ ಮೊತ್ತವನ್ನು ಸೊಲೇಷಿಯಂ (ಸಾಂತ್ವನ ಧನ) ಅಂತ ಮತ್ತೆ ಕೊಡಬೇಕು. ಕೇಳೋಕೆ ಚೆನ್ನಾಗಿದೆ, ಅಲ್ವಾ? ಆದರೆ ನಮ್ಮ ಬೀದಿಯಲ್ಲಿ ಸೈಟು ಮಾರಿದವರೆಲ್ಲ ಮುದ್ರಾಂಕ ಶುಲ್ಕ ಉಳಿಸಲು ಪತ್ರದಲ್ಲಿ ಅರ್ಧ ಬೆಲೆ ಬರೆಸಿದ್ದರು. ಆ ಸುಳ್ಳು ಬೆಲೆಯೇ ನಮ್ಮ ಮನೆಯ ಬೆಲೆ ಆಯಿತು.

ಆಮೇಲೆ ಒಬ್ಬ ಮಧ್ಯವರ್ತಿ ಬಂದ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರೆ ಹದಿನೈದು ದಿನದಲ್ಲಿ ಚೆಕ್ಕು, ಇಲ್ಲದಿದ್ದರೆ ಹತ್ತು ವರ್ಷ ಅಲೆದಾಟ ಅಂದ. ಚಿಕ್ಕಪ್ಪನಿಗೆ ಮಗಳ ಮದುವೆ ಹತ್ತಿರ ಇತ್ತು, ಸಹಿ ಹಾಕಿದರು. ಅಪ್ಪನೂ ಹಾಕಿದರು. ಒಪ್ಪಿಗೆಯ ಮೇಲೆ ಹಣ ತೆಗೆದುಕೊಂಡರೆ ಜಾಸ್ತಿ ಪರಿಹಾರ ಕೇಳುವ ದಾರಿ ಅಲ್ಲಿಗೆ ಮುಚ್ಚಿತು ಅಂತ ಆತ ಹೇಳಲಿಲ್ಲ. ನಾವೂ ಕೇಳಲಿಲ್ಲ.

ಬೀದಿಯಲ್ಲಿ ಹನ್ನೊಂದು ಮನೆ ಇತ್ತು. ಒಬ್ಬರಿಗೊಬ್ಬರು ಗೊತ್ತಾಗದ ಹಾಗೆ ಕಚೇರಿಗೆ ಹೋಗಿ "ನಮ್ಮದೆಷ್ಟು?" ಅಂತ ಕೇಳಿ ಬರುತ್ತಿದ್ದೆವು. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯವರು 1,777 ಎಕರೆ ಬಿಡುವುದಿಲ್ಲ ಅಂತ ಮೂರು ವರ್ಷಕ್ಕೂ ಜಾಸ್ತಿ ಒಟ್ಟಿಗೆ ಧರಣಿ ಕೂತರು. 2025ರ ಜುಲೈನಲ್ಲಿ ಸರ್ಕಾರ ಆ ಸ್ವಾಧೀನ ಕೈಬಿಟ್ಟಿತು. ಅವರ ಸುದ್ದಿಯನ್ನು ಟಿವಿಯಲ್ಲಿ ನೋಡುವಾಗ ನಮ್ಮ ಮನೆಯಲ್ಲಿ ಯಾರೂ ಮಾತಾಡಲಿಲ್ಲ.

ನಮ್ಮಲ್ಲಿ ಸಹಿ ಹಾಕದವರು ದಾವಣಗೆರೆಯ ಅತ್ತೆ ಒಬ್ಬರೇ. "ಅಪ್ಪನ ಮನೆ, ನನ್ನನ್ನೂ ಒಂದು ಮಾತು ಕೇಳಬೇಕಿತ್ತು" ಅಂತ ಕೋಪ ಮಾಡಿಕೊಂಡಿದ್ದರು. ಆ ಕೋಪವೇ ಅವರನ್ನು ಉಳಿಸಿತು. ವಕೀಲರು ಹೇಳಿಕೊಟ್ಟಂತೆ "ಪ್ರತಿಭಟನೆಯೊಂದಿಗೆ ಸ್ವೀಕರಿಸಿದ್ದೇನೆ" ಅಂತ ಬರೆದು ಹಣ ಪಡೆದರು. ಹಾಗೆ ಬರೆಯದೆ ಹಣ ಪಡೆದವರಿಗೆ ಪರಿಹಾರ ಕಡಿಮೆ ಅಂತ ಅರ್ಜಿ ಹಾಕುವ ಹಕ್ಕು ಇರುವುದಿಲ್ಲ. ಪರಿಹಾರ ಎಷ್ಟು ಅಂತ ಅಧಿಕಾರಿ ಕೊಡುವ ಆದೇಶವೇ ಐತೀರ್ಪು. ಅದನ್ನು ಹೇಳುವಾಗ ಅತ್ತೆ ಎದುರಿಗೇ ಇದ್ದರು. ಹಾಗೆ ಇದ್ದವರಿಗೆ ಅರ್ಜಿ ಹಾಕಲು ಆರೇ ವಾರ. ಐದನೇ ವಾರದಲ್ಲಿ ಹಾಕಿದರು.

ಬಾವಿ, ಬಿಟ್ಟುಹೋದ ಎರಡು ತೆಂಗು ಎಲ್ಲ ಅವರ ಅರ್ಜಿಯಲ್ಲಿದೆ. ಗೆದ್ದರೆ ಅವರ ಪಾಲಿಗೆ ಮಾತ್ರ. ಮುಂದಿನ ವಿಚಾರಣೆ ದೀಪಾವಳಿ ಕಳೆದ ಮೇಲೆ. ಅತ್ತೆಗೆ ಮಂಡಿನೋವು, ಮೆಟ್ಟಿಲು ಹತ್ತೋಕಾಗಲ್ಲ. ಫೈಲು ಹಿಡಿದುಕೊಂಡು ಜೊತೆಗೆ ಹೋಗುವವರು ಚಿಕ್ಕಪ್ಪ.