ಕುಲಸಂಘವೋ, ಹೈಲ್ಯಾಂಡ್ ಕ್ರೀಡಾಕೂಟವೋ, ಬರ್ನ್ಸ್ ಭೋಜನಕೂಟವೋ?

ಅಮೆರಿಕದಲ್ಲಿ ನೆಲೆಸಿರುವ ಸ್ಕಾಟಿಷ್ ಮೂಲದ ಕುಟುಂಬವು ತನ್ನ ಪರಂಪರೆಯ ನಂಟು ಉಳಿಸಿಕೊಳ್ಳಲು ಕುಲಸಂಘ (ಒಂದೇ ಸ್ಕಾಟಿಷ್ ಕುಲ, ಅಂದರೆ ‘ಕ್ಲಾನ್’ಗೆ ಸೇರಿದವರ ಸಂಘ), ಹೈಲ್ಯಾಂಡ್ ಕ್ರೀಡಾಕೂಟ (ಸ್ಕಾಟ್ಲೆಂಡಿನ ಸಾಂಪ್ರದಾಯಿಕ ಆಟ, ಸಂಗೀತ, ನೃತ್ಯಗಳ ಕೂಟ), ಬರ್ನ್ಸ್ ಭೋಜನಕೂಟ (ಸ್ಕಾಟಿಷ್ ಕವಿಯೊಬ್ಬನ ನೆನಪಿನ ಊಟ) ಈ ಮೂರರಲ್ಲಿ ಯಾವುದನ್ನು ಆರಿಸಿಕೊಳ್ಳಬೇಕೆಂಬುದು ಅದರ ಆಸಕ್ತಿಯನ್ನು ಅವಲಂಬಿಸಿದೆ.

ವೆಚ್ಚವನ್ನು ನೋಡಿದರೆ, ಕುಲಸಂಘಕ್ಕೆ ಸಾಮಾನ್ಯವಾಗಿ ಸದಸ್ಯತ್ವದ ಚಂದಾ ಸಾಕು. ಕ್ರೀಡಾಕೂಟಕ್ಕೆ ಟಿಕೆಟ್ಟಿನ ಜೊತೆಗೆ ಪ್ರಯಾಣ, ವಸತಿಗಳ ಖರ್ಚೂ ಸೇರುತ್ತದೆ. ಕವಿ ರಾಬರ್ಟ್ ಬರ್ನ್ಸ್ ಹುಟ್ಟಿದ ಜನವರಿ 25ರ ಭೋಜನವನ್ನು ಮನೆಯಲ್ಲಿಯೇ ಏರ್ಪಡಿಸಬಹುದು.

ವಂಶದ ಬೇರುಗಳನ್ನು ಹುಡುಕುವವರಿಗೆ ಮಾತ್ರ ಕುಲಸಂಘವೇ ಹೆಚ್ಚು ನೆರವಾಗುತ್ತದೆ. ಮ್ಯಾಕ್‌ಗ್ರೆಗರ್ ಎಂಬ ಕುಲದ ಹೆಸರನ್ನೇ ಸ್ಕಾಟ್ಲೆಂಡಿನಲ್ಲಿ 1603ರಲ್ಲಿ ನಿಷೇಧಿಸಲಾಗಿತ್ತು; ಆ ನಿಷೇಧವು ಕೊನೆಯದಾಗಿ ತೆರವಾದದ್ದು 1774ರಲ್ಲಿ. ಆ ಅವಧಿಯಲ್ಲಿ ಅನೇಕರು ಬೇರೆ ಹೆಸರುಗಳನ್ನು ಇಟ್ಟುಕೊಂಡಿದ್ದರಿಂದ, ಅಂತಹ ಕುಟುಂಬಗಳ ಜಾಡು ಹಿಡಿಯಲು 1822ರಲ್ಲಿ ಸ್ಥಾಪನೆಯಾದ, ಅದೇ ಕುಲದ ಕ್ಲಾನ್ ಗ್ರೆಗರ್ ಸೊಸೈಟಿಯಂತಹ ಸಂಘಗಳ ಸಂಚಿತ ಜ್ಞಾನವು ನಿಜಕ್ಕೂ ಅಮೂಲ್ಯವಾದುದು.

ಮಕ್ಕಳಿರುವ ಮನೆಯವರಿಗೆ, ಅಥವಾ ತಮ್ಮ ಕುಲ ಯಾವುದೆಂದು ತಿಳಿಯದವರಿಗೆ, ಕ್ರೀಡಾಕೂಟವನ್ನೇ ನಾನು ಸೂಚಿಸುತ್ತೇನೆ. ಉತ್ತರ ಕ್ಯಾರೊಲಿನಾದ ಗ್ರ್ಯಾಂಡ್‌ಫಾದರ್ ಮೌಂಟನ್‌ನಲ್ಲಿ 1956ರಲ್ಲಿ ಆರಂಭವಾಗಿ ಈಗ ಜುಲೈನಲ್ಲಿ ನಡೆಯುವ ಕೂಟದಲ್ಲಿ ಭಾರವಾದ ಮರದ ಕಂಬ ಎಸೆಯುವ ಸ್ಪರ್ಧೆ, ಬ್ಯಾಗ್‌ಪೈಪ್ ವಾದನ, ನೃತ್ಯಗಳೊಂದಿಗೆ ಹಲವು ಕುಲಗಳ ಡೇರೆಗಳೂ ಒಂದೇ ಮೈದಾನದಲ್ಲಿರುವುದರಿಂದ, ಸದಸ್ಯರಾಗುವ ಮುನ್ನವೇ ಆ ಜನರನ್ನು ಮಾತನಾಡಿಸಿ ತಿಳಿದುಕೊಳ್ಳಬಹುದು.

ಕಾವ್ಯವಾಚನ ಮತ್ತು ಕುರಿಯ ಒಳಾಂಗಗಳಿಂದ ಮಾಡುವ ಸ್ಕಾಟಿಷ್ ಖಾದ್ಯವಾದ ಹ್ಯಾಗಿಸ್‌ನ ಊಟವನ್ನು ಕೆಲವೇ ಆಪ್ತರೊಡನೆ ಹಂಚಿಕೊಳ್ಳಬಯಸುವವರಿಗೆ ಬರ್ನ್ಸ್ ಭೋಜನವು ಹೊಂದುತ್ತದೆ.